ಬುಕಾರೆಸ್ಟಿನ ಕತೆ ಕಳಿಸಿದವರಿಗೆ

ಮಾನ್ಯರೇ,

ನಿಮ್ಮ ‘ಕೆಂಪು ಕತ್ತಲು’ ಕತೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ವಿಷಾದಪತ್ರವೊಂದನ್ನು ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕತೆಯ ನಡುವೆ ನೀವೇ ಗಮನಿಸದೆ ಬಿಟ್ಟಿರುವ ಒಂದು ಒಳ್ಳೆಯ ಸಾಲಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ನಾಯಕ ಮಿಹಾಯ್ 1985ರಲ್ಲಿ ರೊಮೇನಿಯದ ಸರ್ವಾಧಿಕಾರಿ ಚೌಸೆಸ್ಕುವಿನ ಆಳ್ವಿಕೆಯ ವಿರುದ್ಧ ಕರಪತ್ರ ಟೈಪ್ ಮಾಡಿ ಹಂಚುತ್ತಾನೆ, ಗುಪ್ತಪೊಲೀಸರ ಕೈಗೆ ಸಿಕ್ಕಿ ಏಟು ತಿನ್ನುತ್ತಾನೆ, ಕೊನೆಗೆ 1989ರ ಡಿಸೆಂಬರಿನ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಧಿಕ್ಕಾರ ಕೂಗುತ್ತಾನೆ. ಇಷ್ಟರಲ್ಲಿ ಸರ್ವಾಧಿಕಾರವಿರುವುದು ನೆಲಮಾಳಿಗೆಯ ಸೆಲ್ಲಿನಲ್ಲಿ ಮತ್ತು ಅಧಿಕಾರಿಯ ಬೂಟಿನಲ್ಲಿ ಮಾತ್ರ. ಸೆಲ್ಲಿನ ಹೊರಗೆ ನಿಮ್ಮ ಬುಕಾರೆಸ್ಟ್ ಯಾವುದೇ ಊರಿನಂತೆ ಉಂಡು, ಮಲಗಿ, ಮಾತಾಡಿಕೊಂಡಿದೆ. ನನ್ನ ತಕರಾರು ಇಲ್ಲಿಯೇ. ಆ ಕಾಲದ ರೊಮೇನಿಯದಲ್ಲಿ ಬಹುಪಾಲು ಜನ ಸೆಲ್ಲಿನ ಬಾಗಿಲನ್ನೇ ಕಂಡವರಲ್ಲ. ಆದರೂ ಆಳ್ವಿಕೆ ಅವರ ಅಡುಗೆಮನೆಗೆ, ಹಾಸಿಗೆಗೆ, ನಾಲಿಗೆಯ ತುದಿಗೆ ಬಂದು ಕೂತಿತ್ತು.

ಟೈಪ್‌ರೈಟರನ್ನೇ ನೋಡಿ. ಮಿಹಾಯ್ ಅದನ್ನು ಅಂಗಡಿಯಿಂದ ತಂದು ಅದೇ ರಾತ್ರಿ ಕೆಲಸ ಶುರುಮಾಡುತ್ತಾನೆ. 1983ರ ಆದೇಶದ ನಂತರ ಅದು ಆಗುವ ಮಾತಲ್ಲ. ಟೈಪ್‌ರೈಟರ್ ಇಟ್ಟುಕೊಳ್ಳಲು ಪೊಲೀಸರ ಅನುಮತಿ ಬೇಕಿತ್ತು, ವರ್ಷಕ್ಕೊಮ್ಮೆ ಅದರ ಅಚ್ಚಿನ ಮಾದರಿಯನ್ನು ಠಾಣೆಗೆ ಒಪ್ಪಿಸಬೇಕಿತ್ತು, ರಿಪೇರಿ ಮಾಡಿಸಿದರೆ ಮತ್ತೊಮ್ಮೆ ಒಪ್ಪಿಸಬೇಕಿತ್ತು. ತನ್ನದೇ ಯಂತ್ರವನ್ನು ಹಿಡಿದುಕೊಡಬಲ್ಲ ಪುರಾವೆಯನ್ನು ತಾನೇ ಒಯ್ದು ಕೊಟ್ಟು ಬರುವ ಒಬ್ಬ ಸಾಧಾರಣ ಗುಮಾಸ್ತನ ಆ ಒಂದು ಬೆಳಗು, ನಿಮ್ಮ ನಾಲ್ಕು ಪುಟಗಳ ಚಿತ್ರಹಿಂಸೆಗಿಂತ ಹೆಚ್ಚು ಹೇಳುತ್ತದೆ.

ಇನ್ನು, ಮಿಹಾಯ್ ಕುಟುಂಬ ಹೊಟ್ಟೆತುಂಬ ಉಂಡು, ದೀಪ ಉರಿಯುವ ಕೋಣೆಯಲ್ಲಿ ಕೂತು, ನಡುರಾತ್ರಿಯವರೆಗೆ ಟಿ.ವಿ. ನೋಡುತ್ತದೆ. ಸಾವಿರ ಕೋಟಿ ಡಾಲರಿಗೂ ಮೀರಿದ ವಿದೇಶಿ ಸಾಲವನ್ನು ತೀರಿಸಿಬಿಡುವ ಹಟದಲ್ಲಿ ಸರ್ಕಾರ ದೇಶದ ಆಹಾರವನ್ನು ಹೊರಕ್ಕೆ ಮಾರುತ್ತಿದ್ದ ಕಾಲ ಅದು. ಬ್ರೆಡ್ಡು, ಎಣ್ಣೆ, ಸಕ್ಕರೆಗಳಿಗೆ ರೇಷನ್, ಚಳಿಗಾಲದಲ್ಲಿ ಮನೆಯೊಳಗೂ ಕೋಟು, ಗ್ಯಾಸಿನ ಒತ್ತಡ ಸಾಲದೆ ರಾತ್ರಿ ಹೊತ್ತುಮೀರಿ ಅಡುಗೆ. 1985ರಿಂದ ಕೆಲಸದ ದಿನಗಳಲ್ಲಿ ಟಿ.ವಿ. ಪ್ರಸಾರವಿದ್ದದ್ದು ಎರಡೇ ಗಂಟೆ, ಅದರಲ್ಲೂ ಬಹುಪಾಲು ನಾಯಕನ ಗುಣಗಾನ. ಬುಕಾರೆಸ್ಟಿನ ಜನ ಆಂಟೆನಾವನ್ನು ದಕ್ಷಿಣಕ್ಕೆ ತಿರುಗಿಸಿ, ಭಾಷೆ ಬಾರದಿದ್ದರೂ, ಬಲ್ಗೇರಿಯದ ಚಾನೆಲ್ ನೋಡುತ್ತಿದ್ದರು. ಏನು ಮಾರುತ್ತಿದ್ದಾರೆಂದು ತಿಳಿಯುವ ಮೊದಲೇ ಕ್ಯೂ ಸೇರಿಕೊಳ್ಳುವುದು ವಾಡಿಕೆಯಾಗಿತ್ತು. ಕೆಂಟ್ ಸಿಗರೇಟಿನ ಪ್ಯಾಕು ನೋಟಿನಂತೆ ಚಲಾವಣೆಯಲ್ಲಿತ್ತು. ವೈದ್ಯರ ಕೈಗೆ ಹೋದ ಪ್ಯಾಕು ಒಡೆಯದೆಯೇ ಇನ್ನೊಬ್ಬರ ಕೈಗೆ ದಾಟುತ್ತಿತ್ತು. ಇವನ್ನು ಹಿನ್ನೆಲೆಯ ಅಲಂಕಾರವಾಗಿ ತುರುಕಿ ಎಂದು ಹೇಳುತ್ತಿಲ್ಲ. ದಿನದ ಹೊತ್ತನ್ನೆಲ್ಲ ಕ್ಯೂಗೆ ಕೊಟ್ಟು ದಣಿದವನಲ್ಲಿ ಎದುರಾಡುವ ತ್ರಾಣವೆಷ್ಟು ಉಳಿದೀತು ಎಂಬುದು ಕತೆಯ ಒಳಗಿನ ಪ್ರಶ್ನೆಯಾಗಬೇಕು.

ನಿಮ್ಮ ಕತೆಯ ಹೆಂಗಸರು ಅಳುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಗರ್ಭಪಾತವನ್ನು ಬಹುತೇಕ ನಿಷೇಧಿಸಿದ 1966ರ 770ನೆಯ ಆದೇಶ ಅವರ ಬದುಕನ್ನು ಹೇಗೆ ಹಿಂಡಿತೆಂಬುದನ್ನು ಓದಿಕೊಳ್ಳಿ. ಕಾರ್ಖಾನೆಗಳಲ್ಲಿ ಹೆಂಗಸರಿಗೆ ಕಡ್ಡಾಯ ತಪಾಸಣೆ ನಡೆಯುತ್ತಿತ್ತು. ಕದ್ದು ಮಾಡಿಸಿಕೊಂಡ ಗರ್ಭಪಾತ ಕೆಟ್ಟು ಆಸ್ಪತ್ರೆ ಸೇರಿದವಳನ್ನು ಯಾರು ಮಾಡಿದರೆಂದು ಮೊದಲು ವಿಚಾರಿಸಿ ಆಮೇಲೆ ಚಿಕಿತ್ಸೆ ಕೊಟ್ಟ ಪ್ರಸಂಗಗಳಿವೆ. ಸಾವಿರಾರು ಹೆಂಗಸರು ಸತ್ತರು. ಅಲ್ಲಿ ಮಂಚದ ಪಕ್ಕ ನಿಂತ ವೈದ್ಯ ಕ್ರೂರಿಯಾಗಿರಬೇಕಿಲ್ಲ, ಹೆದರಿದವನಾಗಿದ್ದರೆ ಸಾಕು. ಅವನನ್ನು ಬರೆಯುವುದು ಕಷ್ಟ. ನಿಮ್ಮ ಬೂಟಿನ ಅಧಿಕಾರಿಯನ್ನು ಯಾರಾದರೂ ಬರೆಯಬಲ್ಲರು.

ಮಾಹಿತಿದಾರನನ್ನೂ ನೀವು ಕುಡುಕ, ಕಳ್ಳನೋಟದವನು ಎಂದು ಚಿತ್ರಿಸಿದ್ದೀರಿ. ಅಲ್ಲಿನ ಗುಪ್ತಪೊಲೀಸ್ ಪಡೆಯಾದ ಸೆಕ್ಯುರಿತಾತೆಯ ಕಡತಗಳನ್ನು ನೋಡಲು 1999ರ ಕಾನೂನು ಅವಕಾಶ ಕೊಟ್ಟ ಮೇಲೆ ತಮ್ಮ ಕಡತ ತೆರೆದ ಹಲವರಿಗೆ, ಗುಪ್ತನಾಮಗಳ ಹಿಂದೆ ಸಿಕ್ಕವರು ಆಪ್ತ ಸ್ನೇಹಿತರು, ಸಹೋದ್ಯೋಗಿಗಳು, ಬಂಧುಗಳು. ಮಿಹಾಯ್‌ನ ಮದುವೆಯಲ್ಲಿ ಓಡಾಡಿದ ಗೆಳೆಯನೇ ವರದಿ ಬರೆಯಲಿ, ಬರೆದ ಮೇಲೂ ಮಿಹಾಯ್‌ನ ಮಗುವಿಗೆ ಹಾಲು ಹುಡುಕಿ ತರಲಿ.

ಕೊನೆಯ ಸಭೆಯ ದೃಶ್ಯದಲ್ಲಿ ಭಾಷಣ ಜಾಸ್ತಿಯಾಗಿದೆ. ಡಿಸೆಂಬರ್ 21ರ ಆ ಸಭೆಯನ್ನು ಕರೆದವನು ಚೌಸೆಸ್ಕುವೇ. ಕಾರ್ಖಾನೆಗಳಿಂದ ಜನರನ್ನು ಬಾವುಟ, ಫಲಕಗಳ ಸಮೇತ ಕರೆತರಲಾಗಿತ್ತು. ಚಪ್ಪಾಳೆಗೆಂದು ಬಂದ ಗುಂಪಿನಿಂದ ಕೂಗು ಎದ್ದಾಗ ಅವನು ಕೈಯೆತ್ತಿ ತಬ್ಬಿಬ್ಬಾಗಿ ನಿಂತದ್ದು ನೇರಪ್ರಸಾರದಲ್ಲೇ ಕಂಡಿತು. ಅದನ್ನು ಒಬ್ಬ ವೀರನ ತಲೆಗೆ ಕಟ್ಟಿದರೆ, ವರ್ಷಗಟ್ಟಲೆ ಆಜ್ಞೆಯಂತೆ ಕೈತಟ್ಟಿದವರೇ ಕೂಗಿದರೆಂಬ ವಿಚಿತ್ರ ಸತ್ಯ ಕೈತಪ್ಪುತ್ತದೆ.

ನಿಮ್ಮ ಪತ್ರದಲ್ಲಿ ನಮ್ಮ 1975ರ ತುರ್ತು ಪರಿಸ್ಥಿತಿಯೂ ಇದೇ ಎಂದಿದ್ದೀರಿ. ಸೆನ್ಸಾರ್, ಸೆರೆಮನೆ ಎರಡೂ ಕಡೆ ಇದ್ದವು, ನಿಜ. ಆದರೆ ಚುನಾವಣೆಯಲ್ಲಿ ಮುಗಿದ 21 ತಿಂಗಳನ್ನು 24 ವರ್ಷಗಳ ಆಳ್ವಿಕೆಗೆ ಸಮ ಮಾಡಿದರೆ ಎರಡೂ ಅರ್ಥವಾಗುವುದಿಲ್ಲ.

ಆ ಒಳ್ಳೆಯ ಸಾಲು ಏಳನೆಯ ಪುಟದಲ್ಲಿದೆ: ನೆಂಟರು ಬಂದ ಕೂಡಲೇ ಮಿಹಾಯ್‌ನ ತಾಯಿ ಕದ್ದಾಲಿಕೆಯ ಭಯಕ್ಕೆ ಟೆಲಿಫೋನಿನ ಮೇಲೆ ದಿಂಬು ಹೊದಿಸುತ್ತಾಳೆ, ಆಮೇಲೆ ಕಾಫಿಗಿಡುತ್ತಾಳೆ. ಅವಳು ಮಾತು ನಿಲ್ಲಿಸುವುದಿಲ್ಲ, ಯಾರೂ ಅವಳನ್ನು ಏಕೆಂದು ಕೇಳುವುದೂ ಇಲ್ಲ. ಕತೆಯನ್ನು ಅವಳ ಕಣ್ಣಿನಿಂದ ಮತ್ತೆ ಬರೆಯಿರಿ. ಮಗನ ಕರಪತ್ರ ಅವಳ ಕಣ್ಣಿಗೆ ಬೀಳಲಿ. ಅದನ್ನು ಸುಡುವಳೋ, ಬಚ್ಚಿಡುವಳೋ, ಗೆಳೆಯನಿಗೆ ತೋರಿಸುವಳೋ ಎಂಬುದನ್ನು ನೀವು ನಿರ್ಧರಿಸಿ. ಸೆಲ್ಲಿನ ದೃಶ್ಯ ಪೂರ್ತಿ ಹೋಗಲಿ. ಮೂರು ಸಾವಿರ ಪದಗಳೊಳಗೆ ಮುಗಿಸಿ ಕಳಿಸಿದರೆ ಖಂಡಿತ ಓದುತ್ತೇನೆ. ಪ್ರಕಟಣೆಯ ಭರವಸೆಯನ್ನು ಈಗಲೇ ಕೊಡಲಾರೆ.

ಇತಿ,
ಸಂಪಾದಕ