ಇಸ್ತಾಂಬುಲ್‌ನಿಂದ ಬಂದ ಬೌಲಲ್ಲಿರೋದು ನಿಜವಾದ ಮುತ್ತಿನ ಚಿಪ್ಪಾ?

ಪ್ರಶ್ನೆ: ಮಗಳು ಅಳಿಯ ಟರ್ಕಿಗೆ ಹೋದೋರು ನಂಗೊಂದು ಗಾಜಿನ ಬೌಲ್ ತಂದಿದಾರೆ, ಕೈಯಲ್ಲೇ ಮಾಡಿದ್ದಂತೆ, ಮೈತುಂಬ ನಕ್ಷತ್ರದ ಡಿಸೈನು, ಬಂಗಾರದ ಗೆರೆ, ಮಧ್ಯೆ ಮುತ್ತಿನ ಹೊಳಪು. ಅಂಗಡಿಯವ್ರು ‘ಸೆದೆಫ್’ ಅಂದ್ರಂತೆ. ಇದು ನಿಜವಾದ ಚಿಪ್ಪಾ? ನಮ್ಮ ಮಳೆಗಾಲಕ್ಕೆ ಹಾಳಾಗಲ್ವಾ?
– ಓದುಗರು, ವಿರಾಜಪೇಟೆ

ಉತ್ತರ: ಅಕ್ಕಾ, ಸೆದೆಫ್ ಅಂದ್ರೆ ಅವರ ಭಾಷೇಲಿ ಮುತ್ತಿನ ಚಿಪ್ಪೇ, ಆದ್ರೆ ನೀವು ಹೇಳಿದ್ದು ನೋಡಿದ್ರೆ ಇಲ್ಲಿ ಅದು ಡಿಸೈನಿನ ಹೆಸರು ಅನ್ಸತ್ತೆ. ಮೂಲದಲ್ಲಿ ಇದು ಮರದ ಕೆಲಸ. ಆಟೋಮನ್ ಕಾಲದಲ್ಲಿ ಚಿಪ್ಪನ್ನ ತೆಳ್ಳಗೆ ಕುಯ್ದು, ನಕ್ಷತ್ರ, ಎಲೆ ಆಕಾರಕ್ಕೆ ತಂದು, ಮರದಲ್ಲಿ ಅಷ್ಟೇ ಅಳತೆಗೆ ತೋಡಿ ಕೂರಿಸ್ತಿದ್ರು, ಪಕ್ಕದಲ್ಲಿ ಆಮೆಚಿಪ್ಪು, ದಂತ. ನಮ್ಮ ಮೈಸೂರಿನ ಬೀಟೆಮರದ ಇನ್ಲೇ ನೋಡಿದ್ದೀರಲ್ಲ, ಅದೇ ಜಾತಿ ಕೆಲಸ. ಇಸ್ತಾಂಬುಲ್‌ನಲ್ಲಿ 1609ರಲ್ಲಿ ಶುರುವಾದ ಸುಲ್ತಾನ್ ಅಹಮದ್ ಮಸೀದಿ ಕಟ್ಟಿದ ಮೆಹ್ಮದ್ ಆಗಾ ಮೊದಲು ಈ ಕಸುಬಿನೋರೇ, ಅದಕ್ಕೇ ಅವರ ಹೆಸರಿನ ಹಿಂದೆ ‘ಸೆದೆಫ್‌ಕಾರ್’ ಅಂತ ಸೇರಿಕೊಂಡಿದೆ. ಒಬ್ಬ ಕುಸುರಿಯವರ ಕೈ ಅಷ್ಟು ದೊಡ್ಡ ಗುಮ್ಮಟದ ತನಕ ಹೋಯ್ತಲ್ಲ ಅಂತ ನಂಗೆ ಇವತ್ತಿಗೂ ಖುಷಿ.

ಪರೀಕ್ಷೆ ಸುಲಭ. ಬೌಲನ್ನ ಕಿಟಕಿ ಹತ್ರ ಹಿಡಿದು ನಿಧಾನ ತಿರುಗಿಸಿ. ಚಿಪ್ಪಲ್ಲಿ ಪದರದ ಮೇಲೆ ಪದರ ಇರೋದ್ರಿಂದ ಬೆಳಕು ಗುಲಾಬಿ, ಹಸಿರು ಅಂತ ಬದಲಾಗ್ತಾ ಓಡತ್ತೆ, ಒಂದು ಚೂರಿನ ಥರ ಇನ್ನೊಂದು ಇರಲ್ಲ, ಉಗುರಾಡಿಸಿದ್ರೆ ಸೇರಿಸಿದ ಅಂಚು ಸಿಗಬಹುದು. ಎಲ್ಲಾ ನಕ್ಷತ್ರಕ್ಕೂ ಒಂದೇ ಹೊಳಪು, ಅಂಚೇ ಇಲ್ಲ ಅಂದ್ರೆ ಅದು ಬಣ್ಣದ ಕೆಲಸ. ಹಾಗಂತ ಮೋಸ ಹೋದ್ವಿ ಅಂದ್ಕೋಬೇಡಿ, ಉಬ್ಬುತಗ್ಗಿನ ಗಾಜಿನ ಮೇಲೆ ಕೈಯಲ್ಲಿ ಅಷ್ಟು ಸಣ್ಣ ಗೆರೆ ಎಳೆಯೋದು ಸಾಮಾನ್ಯ ಕೆಲಸ ಅಲ್ಲ.

ಮಳೆಗಾಲದ ಭಯ ಇರೋದು ಮರದ ಇನ್ಲೇಗೆ, ಮರ ಉಬ್ಬಿ ಅಂಟು ಬಿಟ್ಟು ಚೂರು ಎದ್ದುಬರತ್ತೆ. ಗಾಜು ಉಬ್ಬಲ್ಲ. ಆದ್ರೆ ಜೂನ್ ಬಂತು ಅಂತ ಪೇಪರಲ್ಲಿ ಸುತ್ತಿ ಬೀರು ಒಳಗೆ ಮುಚ್ಚಿಡಬೇಡಿ, ಒಳಗೆ ನಿಂತ ತೇವ ಗಾಜಿಗೆ ಮಬ್ಬು ಹಿಡಿಸತ್ತೆ, ಗಾಳಿ ಆಡೋ ಕಡೆ ಇಟ್ಟು ಆಗಾಗ ಒಣಬಟ್ಟೇಲಿ ಒರೆಸಿ ಸಾಕು. ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸ್ಬೇಡಿ, ಮೈಕ್ರೋವೇವ್‌ಗಂತೂ ಬೇಡವೇ ಬೇಡ, ಬಂಗಾರದ ಗೆರೆ ಕಿಡಿ ಹಾರಿಸಬಹುದು. ಕಾಚಂಪುಳಿ, ನಿಂಬೆಹುಳಿ ತಾಗಿಸ್ಬೇಡಿ, ನಿಜವಾದ ಚಿಪ್ಪೇ ಆಗಿದ್ರೆ ಹುಳಿ ಅದನ್ನ ತಿಂದುಹಾಕತ್ತೆ, ಅದೂ ಸುಣ್ಣದ ಜಾತಿನೇ ತಾನೆ.

ಇಡೀ ಕಿತ್ತಳೆ ಹಣ್ಣು ಇಡ್ಬಹುದಾ ಅಂದ್ರೆ ಧಾರಾಳವಾಗಿ ಇಡಿ, ಸುಲಿದ ತೊಳೆ ಮಾತ್ರ ಬೇರೆ ತಟ್ಟೇಲಿ.