ಶಾಲೆಯಲ್ಲಿ ಕೈತೋಟ ಮಾಡಿದರೆ ಮಕ್ಕಳಿಗೆ ನಿಜಕ್ಕೂ ಪರಿಸರ ಅರ್ಥವಾಗುತ್ತದೆಯೇ?

ಶಾಲೆಯ ಅಂಗಳದಲ್ಲಿ ಸ್ವಲ್ಪ ಜಾಗ ಇದೆ, ಕೈತೋಟ ಮಾಡಬೇಕೆಂದಿದ್ದೇವೆ, ಆದರೆ ಮಕ್ಕಳು ಅದರಿಂದ ಏನಾದರೂ ಕಲಿಯುತ್ತಾರಾ ಅಥವಾ ಫೋಟೋ ತೆಗೆಸಿಕೊಂಡು ಮುಗಿದುಹೋಗುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಾನು ವಿಜ್ಞಾನ ಕಲಿಸುತ್ತೇನೆ, ಎಂಟು ವರ್ಷದಿಂದ ಮಕ್ಕಳ ಜೊತೆ ತೋಟ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ನಮ್ಮದೂ ಫೋಟೋ ತೋಟವೇ ಆಗಿತ್ತು.

ನರ್ಸರಿಯಿಂದ ಹೂ ಬಿಟ್ಟ ಗಿಡಗಳನ್ನೇ ತರುತ್ತಿದ್ದೆವು. ಮಕ್ಕಳ ಕೈಯಲ್ಲಿ ಒಂದು ದಿನ ನೆಡಿಸಿದರೆ ಆಯಿತು, ಆಮೇಲೆ ನೀರು, ಗೊಬ್ಬರ ಎಲ್ಲ ದೊಡ್ಡವರ ಕೆಲಸ. ಗಿಡ ಒಣಗಿದರೆ ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ಕಿತ್ತು ಬೇರೆ ನೆಟ್ಟುಬಿಡುತ್ತಿದ್ದೆವು. ತೋಟವೇನೋ ಚೆನ್ನಾಗಿತ್ತು. ಮಕ್ಕಳು ಮಾತ್ರ ಅದರ ಪಕ್ಕದಲ್ಲೇ ಓಡಾಡಿದರೂ ತಿರುಗಿ ನೋಡುತ್ತಿರಲಿಲ್ಲ.

ಅದು ಬದಲಾಗಿದ್ದು ಒಂದು ಕುಂಬಳ ಬಳ್ಳಿಯಿಂದ. ಆ ಸಲ ಬೀಜ ಹಾಕಿದ್ದು, ನೀರು ಹಾಕಿದ್ದು ಎಲ್ಲ ಮಕ್ಕಳೇ. ಬಳ್ಳಿ ಚೆನ್ನಾಗಿ ಹಬ್ಬಿತು, ಹೂ ಬಿಟ್ಟಿತು. ಆದರೆ ಹೀಚುಗಳೆಲ್ಲ ಹಳದಿಯಾಗಿ ಉದುರಿಹೋಗುತ್ತಿದ್ದವು. ನೀರು ಜಾಸ್ತಿ ಆಯ್ತು ಅಂದ ಒಬ್ಬ. ಗೊಬ್ಬರ ಸಾಲದು ಅಂದಳು ಇನ್ನೊಬ್ಬಳು. ನನಗೆ ಕಾರಣ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. (ಮೇಷ್ಟ್ರುಗಳಿಗೆ ಇದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರಬೇಕು.) ಹೂಗಳನ್ನು ಸರಿಯಾಗಿ ನೋಡಿ ಅಂದೆ, ಅಷ್ಟೇ.

ಮೂರನೇ ದಿನ ಒಬ್ಬ ಹುಡುಗಿ ಓಡಿಬಂದಳು. ಕೆಲವು ಹೂಗಳ ಬುಡದಲ್ಲಿ ಪುಟ್ಟ ಕಾಯಿ ಇದೆ, ಉಳಿದವಕ್ಕೆ ಬರೀ ತೊಟ್ಟು! ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಗಂಡು ಹೂವಿನ ಪರಾಗ ದಪ್ಪ, ಅಂಟಂಟು, ಗಾಳಿಗೆ ಹಾರುವುದಿಲ್ಲ. ಜೇನ್ನೊಣದಂಥ ಯಾವುದಾದರೂ ಹುಳ ಅದನ್ನು ಹೆಣ್ಣು ಹೂವಿಗೆ ಹೊತ್ತು ತರಬೇಕು. ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಅಷ್ಟರೊಳಗೆ ಯಾರೂ ಬರದಿದ್ದರೆ ಆ ಹೂವಿನ ಕಥೆ ಮುಗಿಯಿತು. ಮರುದಿನ ಬೆಳಗ್ಗೆ ಮಕ್ಕಳು ಬಳ್ಳಿಯ ಮುಂದೆ ಒಂದು ಗಂಟೆ ಕೂತು ಲೆಕ್ಕ ಬರೆದರು. ಬಂದದ್ದು ಎರಡೇ ಜೇನ್ನೊಣ.

ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದೆವು. ಅವುಗಳಲ್ಲಿ ಹೆಚ್ಚಿನವು ಕಾಯಿ ಕಚ್ಚಿದವು. ಖುಷಿಯೇನೋ ಆಯಿತು, ಆದರೆ ಒಬ್ಬ ಹುಡುಗ ಬಿಡಲಿಲ್ಲ. 'ಜೇನ್ನೊಣ ಯಾಕೆ ಬರಲ್ಲ?' ಅಂದ. ಸುತ್ತ ಎಲ್ಲೆಲ್ಲಿ ಹೂವಿದೆ ಅಂತ ಹುಡುಕಲು ಹೊರಟೆವು. ಕಾಂಕ್ರೀಟು, ನೀಟಾಗಿ ಕತ್ತರಿಸಿದ ಹುಲ್ಲು, ಮತ್ತೆ ಕಾಂಕ್ರೀಟು. ನಾವೇ ವಾರ ವಾರ ಕಳೆ ಅಂತ ಕಿತ್ತು ಎಸೆಯುತ್ತಿದ್ದ ಗಿಡಗಳಲ್ಲಿ ಅರ್ಧಕ್ಕರ್ಧ ಹೂ ಬಿಡುವಂಥವು. ಬೇಲಿ ಪಕ್ಕ ಒಂದು ಪಟ್ಟಿ ಜಾಗದಲ್ಲಿ ಏನೂ ಕೀಳಬಾರದು ಅಂತ ಮಕ್ಕಳೇ ತೀರ್ಮಾನಿಸಿದರು. ಗಲೀಜಾಗಿ ಕಾಣುತ್ತದೆ ಅಂತ ನನಗೆ ಮೇಲಿನಿಂದ ಬೈಗುಳ ಬಿತ್ತು. ಪಟ್ಟಿ ಈಗಲೂ ಇದೆ.

ಪಾಠದ ಪುಸ್ತಕದಲ್ಲಿ ಪರಾಗಸ್ಪರ್ಶ ಅಂತ ಒಂದು ಪುಟ ಇದ್ದೇ ಇರುತ್ತದೆ. ಅದನ್ನು ನಾನು ಹತ್ತಾರು ಸಲ ಓದಿಸಿದ್ದೆ. ಆ ಹುಡುಗನ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ. ಹೀಚು ಉದುರಿದ್ದಕ್ಕೇ ಬಂತು, ಅಲ್ವಾ?

ಹಾಗಾಗಿ ಗಿಡ ಸೊರಗಲಿ, ಬಿಡಿ. ಹುಳ ಬಂದ ಕೂಡಲೇ ಔಷಧಿ ಹೊಡೆಯಲು ಹೋಗಬೇಡಿ. ಒಮ್ಮೆ ಬೀನ್ಸ್ ಗಿಡದ ತುದಿಗೆಲ್ಲ ಸಸ್ಯಹೇನು ಮುತ್ತಿಕೊಂಡಿತ್ತು. ಅವುಗಳ ನಡುವೆ ಕಪ್ಪಗೆ, ಕಿತ್ತಳೆ ಚುಕ್ಕೆ ಇರುವ, ಮೊಸಳೆ ಮರಿಯಂಥ ಹುಳ ಓಡಾಡುತ್ತಿತ್ತು. ಇದೇ ಕಳ್ಳ ಅಂತ ಮಕ್ಕಳು ಹೊಸಕಲು ಹೊರಟರು. ತಡೆದು, ಹೇನು ತುಂಬಿದ ಒಂದು ಕುಡಿಯ ಜೊತೆ ಗಾಜಿನ ಸೀಸೆಯಲ್ಲಿ ಹಾಕಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿಸಿದೆ. ದಿನಾ ಹೊಸ ಕುಡಿ ಹಾಕಿದ ಹಾಗೆಲ್ಲ ಹೇನು ಖಾಲಿ. ಕೊನೆಗೆ ಅದು ಗುಲಗಂಜಿ ಹುಳುವಾಗಿ ಹೊರಬಂತು. ಆ ಮಕ್ಕಳು ಈಗ ಯಾವ ಹುಳ ಕಂಡರೂ ಮೊದಲು ನಿಂತು ನೋಡುತ್ತಾರೆ.

ಏನೂ ಬೆಳೆಯದಿದ್ದರೂ ಮಾಡಬಹುದಾದದ್ದು ಒಂದಿದೆ. ಒಣಗಿದ ಎಲೆ, ಕಾಗದ, ಹತ್ತಿ ಬಟ್ಟೆ, ಪ್ಲಾಸ್ಟಿಕ್ ಕವರ್ ಇವನ್ನು ಬೇರೆ ಬೇರೆ ಗುಂಡಿಯಲ್ಲಿ ಹೂತು, ಎರಡು ತಿಂಗಳು ತೇವ ಆರದಂತೆ ನೋಡಿಕೊಂಡು, ಆಮೇಲೆ ಅಗೆದು ನೋಡಿ. ಕಸದ ಬಗ್ಗೆ ನೀವು ಭಾಷಣ ಮಾಡುವ ಅಗತ್ಯ ಬೀಳುವುದಿಲ್ಲ.

ಜಾಗದ ವಿಷಯ. ದೊಡ್ಡದು ಬೇಡ, ನಾಲ್ಕು ಮಡಿ ಸಾಕು. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಅಂತ ಹೆಸರಿಟ್ಟವರು. ಬರೀ ಹೆಸರಲ್ಲ, ನಿಜವಾದ ತೋಟವೂ ಬೇಕು, ಅದರಲ್ಲಿ ಮಗುವಿಗೆ ಸ್ವಂತದ್ದೊಂದು ಪುಟ್ಟ ಮಡಿ, ಜೊತೆಗೆ ಎಲ್ಲರಿಗೂ ಸೇರಿದ ಮಡಿ ಇರಬೇಕು ಎಂಬುದು ಅವರ ಯೋಚನೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಸ್ವಂತ ಮಡಿಗೆ ಹಬ್ಬದ ದಿನವೂ ಬಂದು ನೀರು ಹಾಕುತ್ತಾರೆ. ಎಲ್ಲರ ಮಡಿ ಒಣಗುತ್ತದೆ. ಯಾರ ಸರದಿ ಇತ್ತು ಅಂತ ಜಗಳ ಆಗುತ್ತದೆ. ಆ ಜಗಳವನ್ನು ತಪ್ಪಿಸಬೇಡಿ. ಕೆರೆಗೂ ಕಾಡಿಗೂ ಆಗುವುದು ಅದೇ ತಾನೆ.

ಇನ್ನು, ತೋಟಗಳನ್ನು ನಿಜಕ್ಕೂ ಕೊಲ್ಲುವುದು ಹುಳವಲ್ಲ, ದೊಡ್ಡ ರಜೆ. ರಜೆಯ ದಿನಾಂಕ ನೋಡಿಕೊಂಡು ಹಿಂದಕ್ಕೆ ಎಣಿಸಿ. ಮೂಲಂಗಿ ಸುಮಾರು ಒಂದು ತಿಂಗಳಿಗೆ ಕೀಳಲು ಬರುತ್ತದೆ, ಬೀನ್ಸ್‌ಗೆ ಎರಡು ತಿಂಗಳು ಇರಲಿ. ಕುಂಬಳ ಹಾಕುವುದಾದರೆ ನಾಲ್ಕು ತಿಂಗಳು ಮೊದಲೇ ಬೀಜ ಊರಿ, ಮತ್ತು ಹೂ ಬಿಡುವ ಕಾಲಕ್ಕೆ ಮಕ್ಕಳನ್ನು ಬೆಳಗ್ಗೆ ಸ್ವಲ್ಪ ಬೇಗ ಬರಲು ಹೇಳಿ.