ಒಂಬತ್ತು ಪ್ರಶ್ನೆಗಳಿಗೆ ಮನಸ್ಸು ಸಿಗುತ್ತದೆಯೇ?

ಮಾನ್ಯರೇ,

ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದ ಇಬ್ಬರು ಸಂಶೋಧನಾ ವಿದ್ಯಾರ್ಥಿನಿಯರು ನಿಮ್ಮ ಊರಿಗೆ ಬಂದು, ಮನೆಮನೆಯ ಹೆಂಗಸರಿಗೆ ಒಂಬತ್ತು ಪ್ರಶ್ನೆ ಕೇಳಿ, ಕಾಗದದಲ್ಲಿ ಗುರುತು ಹಾಕಿಕೊಂಡು ಹೋದುದನ್ನು ಬರೆದಿದ್ದೀರಿ. ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ ಎಂದು ಕೇಳಿದಾಗ ನಿಮ್ಮ ಅತ್ತಿಗೆಯವರು, "ಆಸಕ್ತಿ ಇಲ್ಲ ಅಂತ ಒಲೆ ಹಚ್ಚದೆ ಇರೋಕಾಗುತ್ತಾ?" ಎಂದರಂತೆ, ಆ ಹುಡುಗಿ ತುಸು ಹೊತ್ತು ಸುಮ್ಮನಿದ್ದು, 'ಇಲ್ಲ' ಎಂಬಲ್ಲಿ ಗುರುತು ಹಾಕಿದಳಂತೆ. ಇಷ್ಟರಿಂದ ಮನಸ್ಸನ್ನು ಅಳೆಯಬಹುದೇ, ಇದರಿಂದ ಯಾರಿಗೆ ಪ್ರಯೋಜನ ಎಂದು ಕೇಳಿದ್ದೀರಿ.

ನಿಮ್ಮ ವಿವರಣೆ ನೋಡಿದರೆ ಅದು ಖಿನ್ನತೆಯ ಲಕ್ಷಣಗಳನ್ನು ಗುರುತಿಸಲು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇರಬೇಕು. ಅಮೆರಿಕದ ಚಿಕಿತ್ಸಾಲಯಗಳಲ್ಲಿ ಪರೀಕ್ಷೆಗೊಳಪಟ್ಟು 2001ರಲ್ಲಿ ಪ್ರಕಟವಾದ ಇದು ಕಳೆದ ಎರಡು ವಾರಗಳ ನಿದ್ದೆ, ಹಸಿವು, ಆಯಾಸ, ಏಕಾಗ್ರತೆ, ನಿರಾಶೆಗಳನ್ನು ಕುರಿತು ಕೇಳುತ್ತದೆ. ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ತಜ್ಞರು ಕೂತು ಮಾತಾಡಿಸಬೇಕು ಎಂಬುದು ರೂಢಿ. ಇದು ಜರಡಿಯೇ ಹೊರತು ತಕ್ಕಡಿಯಲ್ಲ. ಅಂಕ ನೋಡಿ ಕಾಯಿಲೆ ಇದೆ ಎಂದು ಹೇಳಲು ಬರುವುದಿಲ್ಲ, ಅಂಕ ಬಾರದ್ದರಿಂದ ಎಲ್ಲವೂ ಸರಿಯಿದೆ ಎಂದೂ ಅಲ್ಲ.

ನಿಮ್ಮ ಅತ್ತಿಗೆಯವರ ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು, ಏಕೆಂದರೆ ಈ ವಿದ್ಯೆಯ ಅತಿ ಕಷ್ಟದ ಜಾಗವನ್ನು ಅವರು ಒಂದೇ ವಾಕ್ಯದಲ್ಲಿ ಮುಟ್ಟಿದ್ದಾರೆ. ಬೆಳಗಿನ ಜಾವಕ್ಕೆ ಎದ್ದು ಒಲೆ ಹಚ್ಚುವವರಿಗೆ ಕೆಲಸವು ಆಸಕ್ತಿಯ ವಿಷಯವೇ ಅಲ್ಲ. ಬೇಸರ ಎಂಬ ಮಾತನ್ನೇ ನೋಡಿ: ಹೊತ್ತು ಹೋಗದಿದ್ದರೂ ಬೇಸರ, ಮಗ ಫೋನು ಮಾಡದಿದ್ದರೂ ಬೇಸರ, ಬದುಕೇ ಸಾಕೆನಿಸಿದರೂ ಬೇಸರ. ಇನ್ನು ದುಃಖವನ್ನು ದುಃಖವೆನ್ನದೆ ಎದೆ ಭಾರ, ತಲೆ ದಿಮ್ಮೆನ್ನುತ್ತದೆ, ಕೈಕಾಲಲ್ಲಿ ಶಕ್ತಿಯಿಲ್ಲ ಎಂದು ವೈದ್ಯರ ಮುಂದೆ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ! ಆದ್ದರಿಂದಲೇ ಇಂಥ ಪ್ರಶ್ನೆಗಳನ್ನು ಒಬ್ಬರು ಕನ್ನಡಕ್ಕೆ ತಂದ ಮೇಲೆ, ಮೂಲವನ್ನು ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಅರ್ಥ ಎಲ್ಲಿ ಸೋರಿತು ಎಂದು ಹುಡುಕುವ ಕ್ರಮವಿದೆ. ಆದರೆ ಪದ ಸರಿಹೊಂದಿದ ಮಾತ್ರಕ್ಕೆ ಬದುಕು ಸರಿಹೊಂದುವುದಿಲ್ಲ. ಅದಕ್ಕೆ ಊರಿನವರೊಡನೆ ಕೂತು, ಈ ಪ್ರಶ್ನೆ ನಿಮಗೆ ಹೇಗೆ ಕೇಳಿಸಿತು ಎಂದು ವಿಚಾರಿಸಲೇಬೇಕು.

ಹಾಗಾದರೆ ಕೇಳುವುದನ್ನೇ ಬಿಡಬೇಕೇ? ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆಯೆಂದೂ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದೂ ತೋರಿಸಿತು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೇಳಿದ್ದರಿಂದ ಏನಾಯಿತು ಎನ್ನುವುದಕ್ಕೆ ನಮ್ಮ ಬಳ್ಳಾರಿಯೇ ಇದೆ: ಎಂಬತ್ತರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಔಷಧಿ ಸಿಗುವಂತೆ ಮಾಡಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಒಂಬತ್ತನೆಯ ಪ್ರಶ್ನೆ ಸಾಯಬೇಕೆನ್ನುವ ಯೋಚನೆಯನ್ನು ಕುರಿತದ್ದು. ಅದಕ್ಕೆ ಹೌದು ಎಂದವರನ್ನು ಅಂಕಕ್ಕೆ ಸೇರಿಸಿಕೊಂಡು ಮುಂದಿನ ಮನೆಗೆ ಹೋಗುವಂತಿಲ್ಲ. ಅವರನ್ನು ಯಾರ ಬಳಿ ಕರೆದೊಯ್ಯಬೇಕೆಂಬ ಏರ್ಪಾಡು ಮೊದಲೇ ಆಗಿರಬೇಕು. ಅತ್ತೆ, ಗಂಡ ಎದುರಿಗಿರುವಾಗ ಈ ಪ್ರಶ್ನೆ ಕೇಳುವುದೂ ತಪ್ಪು. ನಿಮ್ಮ ಪತ್ರದಲ್ಲಿ ಇಡೀ ಮನೆಯೇ ಪಡಸಾಲೆಯಲ್ಲಿ ಕೂತಿತ್ತು ಎಂದಿದೆ. ಅಲ್ಲಿ ಯಾವ ಹೆಣ್ಣುಮಗಳು ತಾನೇ 'ಇಲ್ಲ' ಎನ್ನದೆ ಬೇರೆ ಏನನ್ನು ಹೇಳಿಯಾಳು?

ಅತ್ತಿಗೆಯವರು ರಾತ್ರಿ ನಿದ್ದೆ ಮಾಡುತ್ತಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅವರೊಬ್ಬರೇ ಇದ್ದಾಗ ನಿಧಾನವಾಗಿ ವಿಚಾರಿಸಿ. ಅವರು ಒಪ್ಪಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದ ಪ್ರತಿ ಮನೆಯಲ್ಲಿದ್ದರೆ ಅದರಲ್ಲಿ ಆ ವಿದ್ಯಾರ್ಥಿನಿಯರ ಮಾರ್ಗದರ್ಶಕರ ದೂರವಾಣಿ ಸಂಖ್ಯೆ ಇರಬೇಕು. ಒಲೆಯ ಮಾತನ್ನು ಅವರಿಗೂ ಇದ್ದಂತೆಯೇ ತಿಳಿಸಿ.

— ಸಂಪಾದಕ